ಮೂಸಿಯ ತೀರದಲ್ಲಿ ವಿಶ್ವೇಶ್ವರಯ್ಯ

ಕನ್ನಡಿಗರ ನೆನಪಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಕನ್ನಂಬಾಡಿಯ ಕಟ್ಟೆಯೊಡನೆ ಬೆಸೆದುಕೊಂಡಿದೆ. ಅದರ ಹಿಂದೆಯೇ ಭದ್ರಾವತಿಯ ಕಬ್ಬಿಣದ ಕಾರ್ಖಾನೆ, 1913ರ ಮೈಸೂರು ಬ್ಯಾಂಕು, 1915ರ ಕನ್ನಡ ಸಾಹಿತ್ಯ ಪರಿಷತ್ತು, 1916ರ ಮೈಸೂರು ವಿಶ್ವವಿದ್ಯಾನಿಲಯ ಸಾಲಾಗಿ ಬರುತ್ತವೆ. ಅವರನ್ನು ಕುರಿತ ಕನ್ನಡ ಬರಹಗಳಲ್ಲಿ ಹೈದರಾಬಾದಿನ ಪಾಲಿಗೆ ದೊರೆಯುವುದು ಸಾಮಾನ್ಯವಾಗಿ ಒಂದೆರಡು ವಾಕ್ಯ ಮಾತ್ರ: ಪ್ರವಾಹದಿಂದ ನೊಂದ ನಗರಕ್ಕೆ ಅವರು ರಕ್ಷಣೆಯ ಯೋಜನೆಯೊಂದನ್ನು ರೂಪಿಸಿಕೊಟ್ಟರು ಎಂದು. ಆಮೇಲೆ ಬರಹಗಾರರು ಅವಸರವಾಗಿ ಮೈಸೂರಿನ ಕಡೆಗೆ ಹೊರಳುತ್ತಾರೆ. ಶಾಲೆಯ ಮಕ್ಕಳಿಗಂತೂ ಅವರ ಬದುಕು ಎರಡು ಮೇಣದ ಬತ್ತಿಗಳ ಕಥೆಯಾಗಿ ತಲಪುತ್ತದೆ. ಸರ್ಕಾರದ ಕೆಲಸಕ್ಕೆ ಸರ್ಕಾರದ ಬತ್ತಿ, ಸ್ವಂತದ ಕೆಲಸಕ್ಕೆ ಸ್ವಂತದ ಬತ್ತಿ. ಕಥೆ ನಿಜವಿರಲಿ, ಪ್ರತೀತಿಯಿರಲಿ, ಆ ಬತ್ತಿಯ ಬೆಳಕಿನಲ್ಲಿ ಅವರು ಮಾಡುತ್ತಿದ್ದ ಕೆಲಸ ಯಾವುದು ಎಂಬ ಪ್ರಶ್ನೆಯನ್ನು ಅದು ಕೇಳುವುದಿಲ್ಲ. ವಂದನೆಗೆ ಒಗ್ಗಿಹೋದ ಸಮಾಜ ತಾನು ವಂದಿಸುವವರ ಲೆಕ್ಕದ ಪುಸ್ತಕವನ್ನು ಬಿಡಿಸಿ ನೋಡುವುದು ಅಪರೂಪ.

ಹೈದರಾಬಾದಿನ ಅಧ್ಯಾಯ ಕನ್ನಡದ ವಿದ್ಯಾರ್ಥಿಗಳಿಗೆ ಹೊರಗಿನದೇನೂ ಅಲ್ಲ. 1956ರ ವರೆಗೆ ಬೀದರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳವರಿಗೆ ರಾಜಧಾನಿಯೆಂದರೆ ಇದೇ ನಗರ. ಕಚೇರಿ ಇಲ್ಲಿಯೇ, ಉನ್ನತ ವಿದ್ಯೆ ಇಲ್ಲಿಯೇ. ಭೂಗೋಳವೂ ಈ ನಂಟಿಗೆ ಸಾಕ್ಷಿ ನುಡಿಯುತ್ತದೆ. ವಿಕಾರಾಬಾದಿನ ಅನಂತಗಿರಿ ಬೆಟ್ಟಗಳಲ್ಲಿ ಹುಟ್ಟುವ ಮೂಸಿ ಪೂರ್ವಕ್ಕೆ ಹರಿದು ಹೈದರಾಬಾದನ್ನು ಸೀಳಿಕೊಂಡು ಮುಂದೆ ಕೃಷ್ಣೆಯನ್ನು ಸೇರುತ್ತದೆ. ಅದೇ ಮೇಲ್ನಾಡಿನ ಪಶ್ಚಿಮದ ಇಳಿಜಾರಿನ ನೀರು ಕಾಗಿಣೆಯಾಗಿ ತಾಂಡೂರಿನ ಮೇಲೆ ಹಾದು ರಾಷ್ಟ್ರಕೂಟರ ಮಾನ್ಯಖೇಟದ, ಇಂದಿನ ಮಳಖೇಡದ, ಮಗ್ಗುಲಲ್ಲಿ ಹರಿದು ಭೀಮೆಗೆ ಸೇರುತ್ತದೆ. ಕವಿರಾಜಮಾರ್ಗ ಹುಟ್ಟಿದ ಊರಿನ ಹೊಳೆಗೂ ನಿಜಾಮರ ನಗರದ ಹೊಳೆಗೂ ನಡುವಿರುವುದು ಒಂದು ಏರುನೆಲ ಮಾತ್ರ.

ಈ ಏರುನೆಲದ ವಿಶೇಷವೆಂದರೆ ಕೆರೆಗಳು. ಮಳೆ ವರ್ಷದಲ್ಲಿ ಕೆಲವೇ ವಾರ ಸುರಿಯುವ ದಖ್ಖನ್ನಿನಲ್ಲಿ ನೀರನ್ನು ಹಿಡಿದಿಡುವುದು ಬದುಕಿನ ಮೊದಲ ಶರತ್ತು. ಹೈದರಾಬಾದಿನ ಹುಸೇನ್ ಸಾಗರ 1562ರ ಕಾಲದ್ದು, ಮೀರ್ ಆಲಂ ಕೆರೆ ಹತ್ತೊಂಬತ್ತನೆಯ ಶತಮಾನದ ಆರಂಭದ್ದು. ಇವು ದೊಡ್ಡವರು ಕಟ್ಟಿಸಿದ ಹೆಸರಾಂತ ಕೆರೆಗಳು. ಇವುಗಳ ಆಚೆ, ಮೂಸಿ ಮತ್ತು ಅದರ ಕೂಡುನದಿ ಈಸಿಯ ಜಲಾನಯನದಲ್ಲಿ, ಹೆಸರಿಗೆ ಬಾರದ ನೂರಾರು ಹಳ್ಳಿಗೆರೆಗಳಿದ್ದವು. ಒಂದು ಕೆರೆಯ ಕೋಡಿಯ ನೀರು ಕೆಳಗಿನ ಕೆರೆಗೆ, ಅದರ ಕೋಡಿ ಇನ್ನೊಂದಕ್ಕೆ, ಹೀಗೆ ಸರಪಣಿಯಂತೆ. ಕೆರೆ ಕಟ್ಟಿಸುವುದನ್ನು ಪುಣ್ಯವೆಂದು ಶಾಸನಗಳಲ್ಲಿ ಕೊಂಡಾಡಿದ ಕನ್ನಡ ನಾಡಿನಲ್ಲಿಯೂ ಇದೇ ವ್ಯವಸ್ಥೆ. ನೀರು ಬಾರದ ಕೆರೆಗೆ ಸೊಸೆಯನ್ನು ಬಲಿಕೊಟ್ಟ ‘ಕೆರೆಗೆ ಹಾರ’ದ ಹಾಡು ನಮ್ಮ ಜನಪದರಿಗೆ ಕೆರೆಯ ಬರಿದುತನ ಎಷ್ಟು ಭಯಂಕರವಾಗಿತ್ತೆಂಬುದನ್ನು ತಿಳಿಸುತ್ತದೆ. ಕೆರೆ ತುಂಬಿ ಮೀರಿದಾಗ ಏನಾಗುವುದೆಂಬುದನ್ನು ಹೈದರಾಬಾದು 1908ರಲ್ಲಿ ಕಂಡಿತು.

ಆ ವರ್ಷದ ಸೆಪ್ಟೆಂಬರಿನ ಕೊನೆಯಲ್ಲಿ ಜಲಾನಯನದ ಮೇಲೆ ಬಿದ್ದ ಮಳೆ ಅಸಾಧಾರಣವಾದದ್ದು. ಶಂಷಾಬಾದಿನಲ್ಲಿ 24 ಗಂಟೆಗಳಲ್ಲಿ 12.8 ಅಂಗುಲ, 48 ಗಂಟೆಗಳಲ್ಲಿ 18.9 ಅಂಗುಲ ಮಳೆ ದಾಖಲಾಯಿತು. 28ನೆಯ ತಾರೀಕು ಮೂಸಿ ದಂಡೆ ಮೀರಿ ನಗರವನ್ನು ಹೊಕ್ಕಿತು. ನದಿಯ ಮೇಲಿನ ಅಫ್ಜಲ್, ಮುಸಲ್ಲಂ ಜಂಗ್, ಚಾದರ್‌ಘಾಟ್ ಸೇತುವೆಗಳು ಮುರಿದವು. 1578ರಲ್ಲಿ ಕಟ್ಟಿದ್ದ ಪುರಾನಾ ಪುಲ್ ಒಂದೇ ಎರಡು ದಡಗಳ ನಡುವೆ ಕೊಂಡಿಯಾಗಿ ಉಳಿಯಿತು. ಸುಮಾರು 19,000 ಮನೆಗಳು ನೆಲಸಮವಾದವು. ಸತ್ತವರು ಸುಮಾರು 15,000 ಮಂದಿ ಎಂಬುದು ಸಾಮಾನ್ಯವಾಗಿ ಹೇಳುವ ಅಂದಾಜು. ಅಫ್ಜಲ್‌ಗಂಜಿನ ಆಸ್ಪತ್ರೆಯ ಆವರಣದ ಒಂದು ಹುಣಿಸೆಯ ಮರವನ್ನು ಹತ್ತಿ ನೂರೈವತ್ತು ಜನ ಜೀವ ಉಳಿಸಿಕೊಂಡರೆಂದು ಹೇಳುತ್ತಾರೆ. ಆರನೆಯ ನಿಜಾಮರಾದ ಮೀರ್ ಮಹಬೂಬ್ ಅಲಿ ಖಾನರು ನಿರಾಶ್ರಿತರಿಗೆ ಅರಮನೆಯ ಬಾಗಿಲು ತೆರೆದರು. ಅವರು ನದಿಯ ಬಳಿಗೆ ಹೋಗಿ ಹಿಂದೂ ಪದ್ಧತಿಯಂತೆ ಆರತಿಯೆತ್ತಿ ಮೂಸಿಯನ್ನು ಶಾಂತಗೊಳಿಸಿದರೆಂಬ ಜನಶ್ರುತಿಯೂ ಉಂಟು.

ಸಾವಿನ ಸಂಖ್ಯೆ ಎಷ್ಟು ದೊಡ್ಡದಾದರೆ ಮನಸ್ಸು ಅದನ್ನು ಅಷ್ಟೇ ಬೇಗ ದಾಟಿಬಿಡುತ್ತದೆ. ಆದುದರಿಂದ ಒಬ್ಬ ಕವಿಯ ವಿಷಯವನ್ನು ಇಲ್ಲಿ ಹೇಳಬೇಕು. ಉರ್ದುವಿನಲ್ಲಿ ರುಬಾಯಿಗಳಿಗೆ ಹೆಸರಾದ ಅಮ್ಜದ್ ಹೈದರಾಬಾದಿಯವರು ಆ ನೆರೆಯಲ್ಲಿ ತಾಯಿಯನ್ನೂ ಹೆಂಡತಿಯನ್ನೂ ಮಗಳನ್ನೂ ಕಳೆದುಕೊಂಡರು. ಕುಟುಂಬದಲ್ಲಿ ಬದುಕಿ ಉಳಿದವರು ಅವರೊಬ್ಬರೇ. ಆ ದಿನವನ್ನು ಕುರಿತು ಬರೆದ ಕವಿತೆಗೆ ಅವರು ಕೊಟ್ಟ ಹೆಸರು ‘ಕಿಯಾಮತೆ ಸುಗ್ರಾ’, ಎಂದರೆ ಕಿರಿಯ ಪ್ರಳಯ. ಕವಿಗೆ ಆ ದಿನದಿಂದ ಒದಗಿದ್ದು ಶೋಕ. ಎಂಜಿನಿಯರನಿಗೆ ಶೋಕದ ಅವಕಾಶವಿಲ್ಲ. ಅದೇ ನೀರನ್ನು ಅವನು ಅಡಿ ಅಂಗುಲಗಳಲ್ಲಿ ಓದಬೇಕು. ಎರಡೂ ಒಂದೇ ಘಟನೆಯ ಎರಡು ದಾಖಲೆಗಳು. ಒಂದನ್ನು ಸಾಹಿತ್ಯವೆಂದು ಓದುವವರು ಇನ್ನೊಂದನ್ನು ಕೇವಲ ಕಡತವೆಂದು ಬದಿಗಿಡುವುದು ಸರಿಯಲ್ಲ.

ನೆರೆ ಬಂದ ಹೊತ್ತಿಗೆ ವಿಶ್ವೇಶ್ವರಯ್ಯನವರು ಭಾರತದಲ್ಲಿ ಇರಲಿಲ್ಲ. ಸರ್ಕಾರಿ ನೌಕರಿಯಲ್ಲಿ ಮುಂದುವರಿಯುವ ಆಸೆಯನ್ನೂ ಬಿಟ್ಟಿದ್ದರು. 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯನ್ನು ಸೇರಿದ್ದ ಅವರು ಸಿಂಧಿನ ಸಕ್ಕರ್ ಪಟ್ಟಣಕ್ಕೆ ನೀರು ತಂದಿದ್ದರು, ಪುಣೆಯ ಬಳಿಯ ಖಡಕ್‌ವಾಸ್ಲಾದಲ್ಲಿ ತಾನಾಗಿ ತೆರೆದು ಮುಚ್ಚುವ ಬಾಗಿಲುಗಳನ್ನು 1903ರಲ್ಲಿ ಅಳವಡಿಸಿದ್ದರು, 1906ರಲ್ಲಿ ಏಡನ್ನಿಗೆ ಹೋಗಿ ಅಲ್ಲಿಯ ನೀರು ಸರಬರಾಜು ಮತ್ತು ಚರಂಡಿಗಳ ವ್ಯವಸ್ಥೆಯನ್ನು ಪರಿಶೀಲಿಸಿ ವರದಿ ಕೊಟ್ಟಿದ್ದರು. ಹಿರಿಯರನೇಕರನ್ನು ದಾಟಿ ಬಡ್ತಿ ಪಡೆದಿದ್ದರೂ ಮುಖ್ಯ ಎಂಜಿನಿಯರ್ ಪದವಿ ತಮಗೆ ದೊರೆಯುವ ಸಂಭವವಿಲ್ಲವೆಂಬುದು ಅವರಿಗೆ ಮನದಟ್ಟಾಗಿತ್ತು. ಐವತ್ತರ ಹತ್ತಿರದ ಆ ವಯಸ್ಸಿನಲ್ಲಿ, ನಿವೃತ್ತಿವೇತನಕ್ಕೆ ಬೇಕಾದ ಇಪ್ಪತ್ತೈದು ವರ್ಷದ ಸೇವೆ ತುಂಬುವ ಮೊದಲೇ, 1908ರಲ್ಲಿ ನೌಕರಿಯನ್ನು ಬಿಟ್ಟು ವಿದೇಶ ಪ್ರವಾಸಕ್ಕೆ ಹೊರಟರು. ಇದನ್ನು ತ್ಯಾಗವೆಂದು ಬಣ್ಣಿಸುವುದು ರೂಢಿ. ವಾಸ್ತವವಾಗಿ ಇದು ಲೆಕ್ಕ ಹಾಕಿ ತೆಗೆದುಕೊಂಡ ನಿರ್ಧಾರ. ಏರಲಾಗದ ಏಣಿಯ ಕೆಳಗೆ ನಿಂತು ಉಳಿದ ವರ್ಷಗಳನ್ನು ಕಳೆಯುವುದಕ್ಕಿಂತ, ಕಲಿತ ವಿದ್ಯೆ ಹೆಚ್ಚು ಜನರಿಗೆ ಉಪಯೋಗವಾಗುವ ಜಾಗವನ್ನು ಅರಸುವುದು ಮೇಲೆಂದು ಅವರು ಬಗೆದಂತಿದೆ. ಆ ಜಾಗ ಎಲ್ಲಿದೆಯೆಂಬುದು ಹೊರಡುವಾಗ ತಿಳಿದಿರಲಿಲ್ಲ. ಇಟಲಿಯಲ್ಲಿದ್ದಾಗ ನಿಜಾಮರ ಸರ್ಕಾರದ ತಂತಿ ಬಂದು ಮುಟ್ಟಿತು. ಪ್ರವಾಸವನ್ನು ಮುಗಿಸಿಕೊಂಡು ಬರುವೆನೆಂದು ಅವರು ಉತ್ತರಿಸಿದರು, ಸರ್ಕಾರ ಕಾಯಿತು. 1909ರ ಏಪ್ರಿಲ್ 15ರಂದು ಅವರು ಹೈದರಾಬಾದಿನಲ್ಲಿ ಕೆಲಸಕ್ಕೆ ಕುಳಿತರು.

ಮುಂದಿನ ಐದೂವರೆ ತಿಂಗಳು ನಡೆದ ಕೆಲಸದಲ್ಲಿ ಗಮನಿಸಬೇಕಾದ ಮೊದಲ ಅಂಶ ಅವರು ನೋಡಿದ ದಿಕ್ಕು. ಮುರಿದ ಸೇತುವೆಗಳು, ಕುಸಿದ ಗೋಡೆಗಳು ಕಣ್ಣೆದುರಿಗೇ ಇದ್ದುವು. ನಗರವನ್ನು ಕಾಯಬೇಕಾದರೆ ನಗರದಲ್ಲಿಯೇ ಎತ್ತರದ ದಂಡೆ ಕಟ್ಟಬೇಕು, ನದಿಯ ಪಾತ್ರವನ್ನು ಅಗಲಗೊಳಿಸಬೇಕು ಎಂಬುದು ಯಾರಿಗಾದರೂ ಮೊದಲು ಹೊಳೆಯುವ ಮಾತು. ವಿಶ್ವೇಶ್ವರಯ್ಯನವರ ವಿಚಾರಣೆ ಹೊಳೆಗೆ ಎದುರಾಗಿ, ಮೇಲ್ಮುಖವಾಗಿ, ಹಳ್ಳಿಗಳ ಕಡೆಗೆ ನಡೆಯಿತು. ಜಲಾನಯನದ ವಿಸ್ತಾರ 860 ಚದರ ಮೈಲಿ. ಅದರಲ್ಲಿ 788 ಕೆರೆಗಳಿದ್ದವು, ಹೆಚ್ಚುಕಡಿಮೆ ಮೈಲಿಗೊಂದರಂತೆ. ಅವುಗಳಲ್ಲಿ 221 ಕೆರೆಗಳು ಆ ಮಳೆಯಲ್ಲಿ ಒಡೆದಿದ್ದವು. ಮೇಲಿನ ಕೆರೆ ಒಡೆದಾಗ ಅದು ಹಿಡಿದಿಟ್ಟಿದ್ದ ನೀರೆಲ್ಲ ಒಮ್ಮೆಗೇ ಕೆಳಗಿನ ಕೆರೆಯ ಏರಿಯ ಮೇಲೆ ಎರಗುತ್ತದೆ. ಅದೂ ಒಡೆದರೆ ಎರಡು ಕೆರೆಗಳ ನೀರು ಮೂರನೆಯದರ ಮೇಲೆ. ಶತಮಾನಗಳ ಕಾಲ ಹಳ್ಳಿಗಳನ್ನು ಸಾಕಿದ ಸರಪಣಿ ಒಂದೇ ಇರುಳಿನಲ್ಲಿ ನಗರವನ್ನು ಹೊಡೆಯುವ ಕೊರಡೆಯಾಗಿ ಮಾರ್ಪಟ್ಟದ್ದು ಹೀಗೆ. ನೆರೆಯ ಗರಿಷ್ಠ ಪ್ರಮಾಣ ಸೆಕೆಂಡಿಗೆ ಸುಮಾರು 4,25,000 ಘನ ಅಡಿ ಎಂದು ಲೆಕ್ಕಕ್ಕೆ ಬಂತು.

ಈ ಅಂಕೆಗಳು ಏನು ಹೇಳುತ್ತವೆ ಎಂಬುದಕ್ಕೆ ಒಂದು ಸಣ್ಣ ಗುಣಾಕಾರ ಸಾಕು. 860 ಚದರ ಮೈಲಿಯ ನೆಲದ ಮೇಲೆ ಒಂದೇ ಒಂದು ಅಂಗುಲ ಮಳೆ ನಿಂತರೆ ಆಗುವ ನೀರು ಸುಮಾರು 200 ಕೋಟಿ ಘನ ಅಡಿ, ಎಂದರೆ ಈಗಿನ ಮಾತಿನಲ್ಲಿ ಎರಡು ಟಿ.ಎಂ.ಸಿ. ಎಲ್ಲೆಡೆಯೂ ಶಂಷಾಬಾದಿನಷ್ಟು ಮಳೆ ಬೀಳಲಿಲ್ಲ, ಬಿದ್ದುದರಲ್ಲಿ ಒಂದು ಪಾಲನ್ನು ನೆಲ ಕುಡಿಯಿತು ಎಂದಿಟ್ಟುಕೊಂಡರೂ, ಅದನ್ನು ನಗರದೊಳಗಿನ ಯಾವ ಗೋಡೆಯೂ ತಡೆಯಲಾರದು. ಆದರೆ ನೆರೆಯ ಕೊಲ್ಲುವ ಶಕ್ತಿ ಇರುವುದು ಒಟ್ಟು ನೀರಿನಲ್ಲಿ ಅಲ್ಲ, ಆ ನೀರು ಒಟ್ಟಿಗೆ ಬಂದು ತಲಪುವುದರಲ್ಲಿ. ಅತ್ಯಂತ ಭಾರಿಯಾದ ಕೆಲವು ಗಂಟೆಗಳ ಹರಿವನ್ನು ಹಿಡಿದಿಟ್ಟು, ಅದನ್ನೇ ನದಿ ತಾಳಿಕೊಳ್ಳಬಲ್ಲಷ್ಟರ ಮಟ್ಟಿಗೆ ಕೆಲವು ದಿನಗಳ ಮೇಲೆ ಹರಡಿ ಬಿಟ್ಟರೆ ಅದೇ ನೀರು ಹೊಳೆಯಾಗಿ ಹರಿದುಹೋಗುತ್ತದೆ. ಈ ತತ್ವದ ಮೇಲೆ ಅವರು ಸೂಚಿಸಿದ್ದು ಎರಡು ಜಲಾಶಯಗಳನ್ನು. ಮೂಸಿಯೂ ಈಸಿಯೂ ಲಂಗರ್ ಹೌಸಿನ ಬಳಿ ಕೂಡುವುದಕ್ಕೆ ಮೊದಲೇ ಒಂದೊಂದರ ಮೇಲೂ ಒಂದೊಂದು. ತುಂಬಿರುವುದು ಜಲಾಶಯದ ಗುಣವೆಂದು ತಿಳಿದವರಿಗೆ ಈ ಕಲ್ಪನೆ ಮೊದಲು ವಿಚಿತ್ರವಾಗಿ ಕಂಡಿರಬೇಕು. ನೆರೆ ತಡೆಯುವ ಜಲಾಶಯದ ಸತ್ವ ಅದರ ಖಾಲಿ ಭಾಗದಲ್ಲಿದೆ.

ವರದಿ 1909ರ ಅಕ್ಟೋಬರ್ 1ರಂದು ಸಿದ್ಧವಾಯಿತು. ಅದರಲ್ಲಿ ಜಲಾಶಯಗಳಷ್ಟೇ ಅಲ್ಲದೆ ನಗರದೊಳಗಿನ ನದಿಯ ದಡಗಳನ್ನು ಎತ್ತರಿಸಿ ಗೋಡೆ ಕಟ್ಟುವ, ದಡದುದ್ದಕ್ಕೂ ಉದ್ಯಾನಗಳನ್ನೂ ರಸ್ತೆಗಳನ್ನೂ ಮಾಡುವ, ಒಳಚರಂಡಿಯನ್ನು ಹಾಕುವ ಸಲಹೆಗಳೂ ಇದ್ದುವು. 1951ರಲ್ಲಿ ಪ್ರಕಟವಾದ ಅವರ ಇಂಗ್ಲಿಷ್ ಆತ್ಮಕಥನದಲ್ಲಿ ಈ ಪ್ರಸಂಗಕ್ಕೆ ಮೀಸಲಾದ ಪುಟಗಳು ಅಳತೆ, ದಿನಾಂಕ, ಅಂದಾಜುಗಳಿಂದ ತುಂಬಿವೆ. ಸತ್ತವರಿಗಾಗಿ ಒಂದು ನಿಟ್ಟುಸಿರೂ ಇಲ್ಲ. ಓದುಗರಲ್ಲಿ ಕೆಲವರಿಗೆ ಇದು ಶುಷ್ಕವೆನಿಸಬಹುದು. ಸತ್ತವರ ನೋವನ್ನು ಅಂಕೆಗಳ ಒಳಗೆ ಇಟ್ಟು ಮುಂದೆ ಸಾಯಬೇಕಾಗಿದ್ದವರನ್ನು ಉಳಿಸುವ ಬಗೆಯೂ ಕರುಣೆಯೇ. ಅದಕ್ಕೆ ಭಾಷೆ ಬೇರೆ, ಅಷ್ಟೆ.

ಆಮೇಲೆ ಅವರು ಹೊರಟುಹೋದರು. ಮೈಸೂರಿನ ಮುಖ್ಯ ಎಂಜಿನಿಯರ್ ಪದವಿಗೆ ಆಹ್ವಾನ ಬಂದಿತ್ತು. 1909ರ ನವೆಂಬರಿನಲ್ಲಿ ಅದನ್ನು ವಹಿಸಿಕೊಂಡರು. ಹೈದರಾಬಾದಿನಲ್ಲಿ ಅವರು ಒಂದು ಕಲ್ಲನ್ನೂ ಕಟ್ಟಿಸಲಿಲ್ಲ. 1911ರ ಆಗಸ್ಟಿನಲ್ಲಿ ಮಹಬೂಬ್ ಅಲಿ ಖಾನರು ತೀರಿಕೊಂಡು ಮೀರ್ ಉಸ್ಮಾನ್ ಅಲಿ ಖಾನರು ಪಟ್ಟಕ್ಕೆ ಬಂದರು. 1912ರಲ್ಲಿ ನಗರ ಸುಧಾರಣಾ ಮಂಡಲಿ ಸ್ಥಾಪಿತವಾಯಿತು. ಗಂಡಿಪೇಟೆಯ ಬಳಿ ಮೂಸಿಗೆ ಕಟ್ಟಿದ ಜಲಾಶಯ 1920ರಲ್ಲಿ, ಈಸಿಯ ಜಲಾಶಯ 1927ರಲ್ಲಿ ಪೂರ್ಣಗೊಂಡವು. ಕಟ್ಟಿದವರಲ್ಲಿ ಮುಂಬಯಿಯಿಂದ ಬಂದ ಎಂಜಿನಿಯರ್ ಸಿ. ಟಿ. ದಲಾಲ್ ಅವರ ಹೆಸರೂ ಹೈದರಾಬಾದಿನವರೇ ಆದ ನವಾಬ್ ಅಲಿ ನವಾಜ್ ಜಂಗ್ ಬಹಾದ್ದೂರರ ಹೆಸರೂ ನೆನೆಯತಕ್ಕವು. ಮುಂದೆ ನಿಜಾಮಸಾಗರವನ್ನೂ ಕಟ್ಟಿದ ಅಲಿ ನವಾಜ್ ಜಂಗರ ಹುಟ್ಟಿದ ದಿನವಾದ ಜುಲೈ 11ನ್ನು ತೆಲಂಗಾಣದಲ್ಲಿ ಎಂಜಿನಿಯರುಗಳ ದಿನವಾಗಿ ಆಚರಿಸುತ್ತಾರೆ. ದೇಶದ ಉಳಿದ ಭಾಗದಲ್ಲಿ ಆ ಗೌರವ ವಿಶ್ವೇಶ್ವರಯ್ಯನವರ ಸೆಪ್ಟೆಂಬರ್ 15ಕ್ಕೆ. ಇದನ್ನು ಪ್ರಾಂತಾಭಿಮಾನದ ಪೈಪೋಟಿಯೆಂದು ನೋಡುವವರಿದ್ದಾರೆ. ನೋಡಬೇಕಾಗಿಲ್ಲ. ಯೋಚಿಸಿದವನು ಒಬ್ಬ, ಕಟ್ಟಿದವನು ಇನ್ನೊಬ್ಬ, ಹಣ ಕೊಟ್ಟವನು ಮತ್ತೊಬ್ಬ ಎಂಬುದು ದೊಡ್ಡ ಕೆಲಸಗಳ ಸಹಜ ರೀತಿ. ಜಲಾಶಯಗಳಿಗೆ ನಿಂತ ಹೆಸರು ಈ ಮೂವರಲ್ಲಿ ಮೂರನೆಯವನ ಮನೆತನದ್ದು: ಉಸ್ಮಾನ್ ಸಾಗರ, ಹಿಮಾಯತ್ ಸಾಗರ. ಅದೇ ಉಸ್ಮಾನರ ಹೆಸರಿನಲ್ಲಿ 1918ರಲ್ಲಿ ವಿಶ್ವವಿದ್ಯಾನಿಲಯವೂ ಬಂತು.

ಹೈದರಾಬಾದಿನಲ್ಲಿ ಒಂದು ಮಾತಿದೆ. ಗಂಡಿಪೇಟೆಯ ನೀರು ಕುಡಿದವನು ಈ ಊರನ್ನು ಬಿಟ್ಟು ಹೋಗಲಾರ ಎಂದು. ನೆರೆಗಾಗಿ ಕಲ್ಪಿತವಾದ ಜಲಾಶಯಗಳು ಕುಡಿಯುವ ನೀರಿನ ಮೂಲವೂ ಆದುದರ ಫಲ ಈ ಗಾದೆ. ಉರ್ದು ಮಾಧ್ಯಮದ ಆ ವಿಶ್ವವಿದ್ಯಾನಿಲಯಕ್ಕೆ ಕನ್ನಡ ಜಿಲ್ಲೆಗಳಿಂದ ಬಂದ ಹುಡುಗರೂ ಇದೇ ನೀರು ಕುಡಿದು ಓದಿದರು. ಅದು ಯಾರ ಲೆಕ್ಕಾಚಾರದಿಂದ ನಲ್ಲಿಗೆ ಬಂತೆಂಬುದು ಅವರಲ್ಲಿ ಎಷ್ಟು ಮಂದಿಗೆ ತಿಳಿದಿತ್ತೋ. ಆ ನೀರು ಶೇಖರವಾಗುವುದಕ್ಕೆ ಹತ್ತು ವರ್ಷ ಮೊದಲೇ ಊರು ಬಿಟ್ಟಿದ್ದ ವಿಶ್ವೇಶ್ವರಯ್ಯನವರಿಗೂ ಗಾದೆ ಒಂದು ರೀತಿಯಲ್ಲಿ ಅನ್ವಯಿಸಿತು. 1922ರಲ್ಲಿ, ಮೈಸೂರಿನ ದಿವಾನಗಿರಿಯನ್ನೂ ಬಿಟ್ಟ ಮೇಲೆ, ಹದಿಮೂರು ವರ್ಷಗಳ ಅಂತರದಲ್ಲಿ, ಹೈದರಾಬಾದು ಅವರನ್ನು ಮತ್ತೆ ಕರೆಯಿತು. ಈ ಸಲದ ಕೆಲಸ ಒಳಚರಂಡಿ. ದಿವಾನರಾಗಿ ಆನೆಯ ಅಂಬಾರಿಯ ಕಾಲವನ್ನು ಕಂಡವರು ಕೊಳಚೆಯ ಕೊಳವೆಗಳ ಇಳಿಜಾರನ್ನು ಅಳೆಯುವುದಕ್ಕೆ ಮರಳಿ ಬಂದರು. ಅವರ ಬದುಕಿನಲ್ಲಿ ಮೇಣದ ಬತ್ತಿಗಿಂತ ಹೆಚ್ಚು ಹೇಳಬೇಕಾದ ಕಥೆ ಇದು. ಅಣೆಕಟ್ಟನ್ನು ನೋಡಲು ಜನ ಬರುತ್ತಾರೆ. ಚರಂಡಿಯನ್ನು ನೋಡಲು ಯಾರೂ ಬರುವುದಿಲ್ಲ, ಅದು ಸರಿಯಾಗಿರುವ ತನಕ ಯಾರೂ ನೆನೆಯುವುದೂ ಇಲ್ಲ.

ವಾಸ್ತವವಾಗಿ ಎರಡೂ ಕೆಲಸಗಳ ಫಲ ಒಂದೇ ಜಾತಿಯದು. ಬಾರದ ನೆರೆ, ತಗಲದ ರೋಗ. ಕನ್ನಂಬಾಡಿಯ ಉಪಕಾರವನ್ನು ಮಂಡ್ಯದ ರೈತ ತನ್ನ ಗದ್ದೆಯಲ್ಲಿ ಹಸಿರಾಗಿ ಕಾಣುತ್ತಾನೆ. ಮೂಸಿಯ ದಡದಲ್ಲಿ ಬದುಕಿದವನಿಗೆ ತಾನು ಬದುಕಿ ಉಳಿದದ್ದು ಉಪಕಾರವೆಂದು ತೋರುವುದೇ ಇಲ್ಲ. 1908ರ ನೆರೆಯನ್ನು ಕಣ್ಣಾರೆ ಕಂಡವರು ಇರುವ ತನಕ ಉಸ್ಮಾನ್ ಸಾಗರವೆಂದರೆ ಭಯದಿಂದ ಬಿಡುಗಡೆ. ಅವರು ತೀರಿಹೋದ ಮೇಲೆ ಅದು ವಿಹಾರದ ತಾಣ, ಆಮೇಲೆ ನಲ್ಲಿಯ ನೀರು, ಕೊನೆಗೆ ನಗರದ ಅಂಚಿನ ಬೆಲೆಬಾಳುವ ನೆಲ.

ಈ ಕೊನೆಯ ಅರ್ಥ ಬಲವಾದಾಗ ಕಾನೂನಿನ ಅಗತ್ಯ ಕಂಡುಬಂತು. 1996ರ ಮಾರ್ಚ್ 8ರಂದು ಅಂದಿನ ಆಂಧ್ರಪ್ರದೇಶ ಸರ್ಕಾರ ತನ್ನ 111ನೆಯ ಸಂಖ್ಯೆಯ ಆದೇಶದ ಮೂಲಕ ಎರಡು ಜಲಾಶಯಗಳ ಸುತ್ತಲಿನ ಹತ್ತು ಕಿಲೋಮೀಟರು ವ್ಯಾಪ್ತಿಯ 84 ಹಳ್ಳಿಗಳಲ್ಲಿ ಕೈಗಾರಿಕೆಗಳನ್ನೂ ದೊಡ್ಡ ಕಟ್ಟಡಗಳನ್ನೂ ನಿರ್ಬಂಧಿಸಿತು. ನೀರನ್ನು ಕಾಯಬೇಕಾದರೆ ನೀರು ಬರುವ ನೆಲವನ್ನು ಕಾಯಬೇಕು ಎಂಬುದು ಅದರ ಆಶಯ. 1909ರ ವಿಚಾರಣೆ ನಡೆದ ದಿಕ್ಕೂ ಇದೇ ಆಗಿತ್ತು. 2022ರ ಏಪ್ರಿಲ್‌ನಲ್ಲಿ ತೆಲಂಗಾಣ ಸರ್ಕಾರ ಆ ನಿರ್ಬಂಧಗಳನ್ನು ತೆಗೆದುಹಾಕುವ ಆದೇಶ ಹೊರಡಿಸಿತು. ಮಂಜೀರಾ, ಕೃಷ್ಣಾ, ಗೋದಾವರಿಗಳ ನೀರು ನಗರಕ್ಕೆ ಬರುತ್ತಿರುವುದರಿಂದ ಈ ಎರಡು ಜಲಾಶಯಗಳು ಕುಡಿಯುವ ನೀರಿಗೆ ಮುಖ್ಯ ಆಸರೆಯಾಗಿ ಉಳಿದಿಲ್ಲ ಎಂಬುದು ಅದಕ್ಕೆ ಕೊಟ್ಟ ಕಾರಣ. ಆ ಮಾತು ನಿಜವೇ. ಅವುಗಳನ್ನು ಮೊದಲಿಗೆ ಕಟ್ಟಿಸಿದ್ದು ಕುಡಿಯುವ ನೀರಿಗಾಗಿ ಅಲ್ಲ ಎಂಬುದೂ ಅಷ್ಟೇ ನಿಜ. ಹಳ್ಳಿಗಳ ರೈತರ ಕಷ್ಟವನ್ನೂ ಇಲ್ಲಿ ಅಲ್ಲಗಳೆಯಲಾಗದು. ಕಾಲು ಶತಮಾನ ತಮ್ಮ ನೆಲಕ್ಕೆ ಪಕ್ಕದವರ ನೆಲದ ಬೆಲೆ ಬಾರದೆ ಇದ್ದುದು ನಗರದ ಸುರಕ್ಷೆಗಾಗಿ ಅವರು ತೆತ್ತ ತೆರಿಗೆ. ಅದನ್ನು ತೆರಿಗೆಯೆಂದು ಒಪ್ಪಿ ಪರಿಹಾರ ಕೊಡುವ ಯೋಚನೆ ಮೊದಲೇ ಬರಬೇಕಾಗಿತ್ತು.

ಇದಕ್ಕೆ ಒಂದೂವರೆ ವರ್ಷ ಹಿಂದೆ, 2020ರ ಅಕ್ಟೋಬರ್ 13ರ ರಾತ್ರಿ, ಹೈದರಾಬಾದಿನ ಮೇಲೆ ಮತ್ತೆ ಭಾರಿ ಮಳೆ ಬಿದ್ದಿತ್ತು. ಹಿಮಾಯತ್ ಸಾಗರದ ಬಾಗಿಲುಗಳನ್ನು ತೆರೆಯಬೇಕಾಯಿತು. ಮೂಸಿ ಉಕ್ಕಿ ಹರಿಯಿತು. ಆದರೆ ಆ ದಿನಗಳಲ್ಲಿ ಜೀವ ಹಾನಿಯಾದದ್ದು ಬಹುಮಟ್ಟಿಗೆ ನದಿಯಿಂದಲ್ಲ, ನಗರ ನುಂಗಿದ ಕೆರೆಗಳಿಂದಲೂ ಕಾಲುವೆಗಳಿಂದಲೂ. ಬಾಲಾಪುರದ ಗುರ್ರಂ ಚೆರುವಿನ ಏರಿ ಒಡೆದು ಕೆಳಗಿನ ಬಡಾವಣೆಗಳಿಗೆ ನೀರು ನುಗ್ಗಿತು. ಗಗನ್‌ಪಹಾಡಿನಲ್ಲಿ ಅಪ್ಪ ಚೆರುವು ಒಡೆದು ಬೆಂಗಳೂರಿನ ಹೆದ್ದಾರಿಯ ಮೇಲೆ ಹರಿಯಿತು. ಗಗನ್‌ಪಹಾಡು ಇರುವುದು ಶಂಷಾಬಾದಿನ ಪಕ್ಕದಲ್ಲಿ.